ಮಾರ್ಯತ್ತಾಳ ಹನ್ನೊಂದು ಸೆಕೆಂಡು

ಹೂಗುಚ್ಛಕ್ಕೆ ಕಟ್ಟಿದ್ದ ಚೀಟಿಯನ್ನು ಹಿಲ್ಕಾ ಬಿಚ್ಚಿ, ಮಡಿಚಿ, ಅಂಗೈಯಲ್ಲಿ ಮುಚ್ಚಿಟ್ಟುಕೊಂಡಳು. ಸಾಲಿನಲ್ಲಿ ಅವಳ ಮುಂದೆ ಇನ್ನೂ ಮೂವರಿದ್ದರು. ಟಾಂಪೆರೆ ಊರಿನ ಆ ಸಣ್ಣ ಪ್ರಾರ್ಥನಾಮಂದಿರದಲ್ಲಿ ಒಬ್ಬೊಬ್ಬರೂ ಶವಪೆಟ್ಟಿಗೆಯ ಬಳಿ ಹೋಗಿ, ಹೂವಿಟ್ಟು, ತಮ್ಮ ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಓದಿ, ತಲೆಬಾಗಿ ಬರುತ್ತಿದ್ದರು. ಎಲ್ಲರದ್ದೂ ಒಂದೇ ರಾಗ: ಸಿನಿಮಾ ಸಂಕಲನ ಅಂದರೆ ಮಾರ್ಯತ್ತಾ, ಪ್ರಶಸ್ತಿ ಅಂದರೆ ಮಾರ್ಯತ್ತಾ, ಆ ಹನ್ನೊಂದು ಸೆಕೆಂಡು ಅಂದರೆ ಮಾರ್ಯತ್ತಾ.

ಪೆಟ್ಟಿಗೆಯೊಳಗೆ ಮಲಗಿದ ಮೇಲೂ ಹೊಗಳಿಸಿಕೊಳ್ಳುತ್ತಾಳಲ್ಲ, ಪುಣ್ಯಾತ್ಗಿತ್ತಿ! ಹಿಲ್ಕಾಳ ಹೊಟ್ಟೆ ಧಗಧಗ ಉರಿಯಿತು.

"ಆ ದೋಣಿ ದೃಶ್ಯ ನೆನಪಿದೆಯೇನೇ?" ಹಿಂದೆ ನಿಂತಿದ್ದ ಮುದಿ ನಿರ್ದೇಶಕ ಓಲಾವಿ ಪಿಸುಗುಟ್ಟಿದ. ಆ ಚಿತ್ರ ಅವನದೇ. "ಮಗನನ್ನ ಹತ್ತಿಸ್ಕೊಂಡು ದೋಣಿ ಹೋಗ್ಬಿಡುತ್ತೆ. ತಾಯಿ ಸುಮ್ನೆ ನಿಂತೇ ಇರ್ತಾಳೆ. ಬೇರೆಯೋರಾಗಿದ್ರೆ ಅಲ್ಲೇ ಕಚಕ್ ಅಂತ ಕತ್ತರಿಸೋರು. ಇವಳು ಹನ್ನೊಂದು ಸೆಕೆಂಡು ಹಾಗೇ ಬಿಟ್ಟಳು ನೋಡು!"

"ನೆನಪಿಲ್ದೆ ಏನು? ನಲವತ್ತು ವರ್ಷದಿಂದ ಅದನ್ನೇ ಕೇಳಿಸ್ಕೊಂಡು ಬಂದಿದೀನಿ."

ಚೀಟಿಯಲ್ಲಿ ಅವಳು ಬರೆದಿದ್ದುದು ಒಂದೇ ಸಾಲು: 'ಆ ಹನ್ನೊಂದು ಸೆಕೆಂಡು ನನ್ನವು.' ಇವತ್ತು ಓದಿಯೇ ತೀರುವುದು. ಸತ್ತವಳು ಎದ್ದು ಬಂದು ಇಲ್ಲ ಅನ್ನುವುದಿಲ್ಲ.

*

ಆ ಚಿತ್ರದ ಕಾಲಕ್ಕೆ ಹಿಲ್ಕಾ ಮಾರ್ಯತ್ತಾಳ ಸಹಾಯಕಿ. ಮಾರ್ಯತ್ತಾ ಜ್ವರ ಬಂದು ಒಂದು ವಾರ ಮಲಗಿದ್ದಳು. ಆ ದೃಶ್ಯ ಜೋಡಿಸಿದ್ದು ಹಿಲ್ಕಾಳೇ. ದೋಣಿ ಮರೆಯಾಗುವಲ್ಲಿ ಫಿಲ್ಮಿನ ಮೇಲೆ ಹಳದಿ ಪೆನ್ಸಿಲಿನಿಂದ ಗೆರೆ ಎಳೆದಳು. ಕತ್ತರಿಸಬೇಕು ಅನ್ನುವಷ್ಟರಲ್ಲಿ ಯಾರೋ ಕಾಫಿಗೆ ಕರೆದರು. ಕುಡಿದು ಬಂದವಳು ಗೆರೆಯ ಕಡೆ ನೋಡದೆ ಮುಂದಿನ ತುಂಡನ್ನು ಅಂಟಿಸಿಬಿಟ್ಟಳು. ಗೆರೆಯಾಚೆಯ ಹನ್ನೊಂದು ಸೆಕೆಂಡು ಹಾಗೇ ಉಳಿದವು.

ಪ್ರಶಸ್ತಿ ಹಿಡಿದು ವೇದಿಕೆ ಮೇಲೆ ನಿಂತವಳು ಮಾರ್ಯತ್ತಾ. ಮುಂದೆ ಹಿಲ್ಕಾಳೂ ಇಪ್ಪತ್ತಾರು ಚಿತ್ರಗಳನ್ನು ಸಂಕಲಿಸಿದಳು. ಯಾರೂ ವೇದಿಕೆಗೆ ಕರೆಯಲಿಲ್ಲ.

*

ಅವಳ ಸರದಿ ಬಂತು. ಹೂವಿಟ್ಟು ಚೀಟಿ ಬಿಡಿಸಿದಳು. ಬಾಯಿ ತೆರೆದಳು.

ಎಷ್ಟೋ ವರ್ಷ ಬೇಕೆಂದೇ ಮರೆತಿದ್ದುದು ಆಗ ಕಣ್ಣಿಗೆ ಕಟ್ಟಿತು. ಜ್ವರ ಬಿಟ್ಟು ಬಂದ ಮಾರ್ಯತ್ತಾ ಫಿಲ್ಮು ಓಡಿಸುತ್ತಿದ್ದಾಳೆ. ಹಳದಿ ಗೆರೆ ಹಾದುಹೋಯಿತು, ತಾಯಿ ಇನ್ನೂ ನಿಂತಿದ್ದಾಳೆ. "ಅಯ್ಯೋ, ಮರೆತುಬಿಟ್ಟೆ! ಈಗ್ಲೇ ಕತ್ತರಿಸ್ತೀನಿ," ಎಂದು ಹಿಲ್ಕಾ ಕೈ ಚಾಚಿದ್ದಳು. ಮಾರ್ಯತ್ತಾ ಅವಳ ಮಣಿಕಟ್ಟನ್ನು ಗಬಕ್ಕನೆ ಹಿಡಿದಿದ್ದಳು.

"ಮುಟ್ಬೇಡ. ಅವಳು ನೋಡೋದು ಇನ್ನೂ ಮುಗಿದಿಲ್ಲ."

ಪಾದ್ರಿ ಮೆಲ್ಲಗೆ ಕೆಮ್ಮಿದರು. ಹಿಲ್ಕಾ ಚೀಟಿಯನ್ನು ಓದದೆಯೇ ಕೋಟಿನ ಜೇಬಿಗೆ ತುರುಕಿ, ತಲೆಬಾಗಿ, ಹಿಂದಿರುಗಿದಳು.

ಆಮೇಲೆ ಕಾಫಿಯ ಮೇಜಿನ ಬಳಿ ಓಲಾವಿ ಕಣ್ಣೊರೆಸಿಕೊಳ್ಳುತ್ತ ಅವಳ ಪಕ್ಕಕ್ಕೆ ಬಂದು ಕೂತ.

"ಎಂಥಾ ಮೌನ ಕಣೇ! ನಾನು ಎಣಿಸಿದೆ, ಸರಿಯಾಗಿ ಹನ್ನೊಂದು ಸೆಕೆಂಡು. ನಾವೆಲ್ಲ ಏನೇನೋ ಓದಿದ್ವಿ. ನೀನೊಬ್ಬಳೇ ಅವಳ ಥರಾನೇ ಅವಳನ್ನ ಕಳಿಸ್ಕೊಟ್ಟೆ."

"ಅದೂ ಅವಳದ್ದೇ ಆಯ್ತಾ?" ಎಂದಳು ಹಿಲ್ಕಾ.

ಓಲಾವಿಗೆ ಅರ್ಥವಾಗಲಿಲ್ಲ. ಅವಳ ಮುಂದಿದ್ದ ಕಾಫಿ ಆರಿ ಕೆನೆ ಕಟ್ಟುತ್ತಿತ್ತು. ಮೇಜಿನ ಕೆಳಗೆ ಅವಳ ಎಡಗೈ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.