ಕೆಂಚಿಯ ತುರಿಕೆ

ನಾಯಿಗೆ ತುರಿಕೆ ಹತ್ತಿದರೆ ಹುಣಸಗಿಯಲ್ಲಿ ಎಲ್ಲರೂ ಡಾಕ್ಟರೇ. ನಮ್ಮ ಕೆಂಚಿಯ ಹೊಟ್ಟೆ ಕೆಂಪಾಗಿ, ಕೂದಲು ಉದುರಿ, ಅಲ್ಲಲ್ಲಿ ನೀರು ಒಸರತೊಡಗಿದಾಗ ಓಣಿಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಹೆಚ್ಚಿನವರ ತೀರ್ಪು ಕಾಲುವೆಯ ಮೇಲೆ. ಕಾಲುವೆಗೆ ನೀರು ಬಂದ ಮೇಲೆ ಈ ಕಡೆ ಜೋಳ ಹೋಗಿ ಭತ್ತ ಬಂತು, ಸೊಳ್ಳೆ ಬಂತು, ಬೆಳೆಯ ಹುಳಕ್ಕೆ ಎಣ್ಣೆ ಹೊಡೆಯುವ ಪಂಪು ಬಂತು. ಹಾಗಾಗಿ ಯಾರಿಗೆ ಏನೇ ಆದರೂ ಕಾಲುವೆಯಿಂದಲೇ ಆಯಿತು ಅನ್ನುವುದು ರೂಢಿ. ನಾನೂ ಅಂದೆ. ಮಕ್ಕಳಿಗೆ ವಿಜ್ಞಾನ ಕಲಿಸುವ ಮಾಸ್ತರನಾಗಿ ಒಂದು ತಿಂಗಳು ಪೂರ್ತಿ ಕಾಲುವೆಯನ್ನೇ ಬೈದೆ.

ನನ್ನ ಹೆಸರು ಅಂಬ್ರಪ್ಪ. ಊರು ಕೊಂಕಲ್. ನಾವು ಬೌದ್ಧರು, ಅಂದರೆ ನಮ್ಮ ಅಪ್ಪನ ಕಾಲದಿಂದ ಬೌದ್ಧರು. ಅದಕ್ಕೂ ಮೊದಲು ಏನಾಗಿದ್ದೆವು ಅನ್ನುವುದು ಮನೆ ಬಾಡಿಗೆಗೆ ಕೊಡುವವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹುಣಸಗಿಗೆ ವರ್ಗವಾಗಿ ಬಂದಾಗ ಮೂರು ಕಡೆ ಮನೆ ನೋಡಿದೆ. ಮೂರು ಕಡೆಯೂ ಮೊದಲು ‘ಬರ್ರಿ ಸರ, ಖಾಲಿ ಅದ’ ಅಂದವರು, ‘ಯಾವೂರ್ರಿ, ಯಾರ ಪೈಕಿ?’ ಎಂದು ಕೇಳಿ ಉತ್ತರ ಸಿಕ್ಕ ಕೂಡಲೇ, ಮನೆಗೆ ನೆಂಟರು ಬರುವವರಿದ್ದಾರೆ ಅಂದರು. ಮೂರೂ ಮನೆಗೆ ಒಂದೇ ವಾರದಲ್ಲಿ ನೆಂಟರು.

ನಾಲ್ಕನೆಯದು ಮಲ್ಲಾಬಾಯಿಯ ಮನೆ. ಅರವತ್ತು ದಾಟಿದ ವಿಧವೆ, ಒಬ್ಬಳೇ ಇರುತ್ತಿದ್ದಳು. ಅದೇ ಅಂಗಳದಲ್ಲಿ ಪಕ್ಕಕ್ಕೆ ಎರಡು ಖೋಲಿ ಬಾಡಿಗೆಗಿದ್ದವು. ಅವಳು ಕೇಳುವ ಮೊದಲೇ ನಾನು ನಮ್ಮ ಜಾತಿ ಹೇಳಿಬಿಟ್ಟೆ, ಸುಮ್ಮನೆ ಯಾಕೆ ಇನ್ನೊಬ್ಬರ ನೆಂಟರಿಗೆ ತೊಂದರೆ ಎಂದು. ಮುದುಕಿ ನಕ್ಕಳು.

“ನಮ್ಮ ಮನ್ಯಾಗ ಅಂಥಾದ್ದೆಲ್ಲ ಇಲ್ರಿ ಮಾಸ್ತರ. ಮನಷ್ಯಾರು ಮನಷ್ಯಾರೇ. ಇವತ್ತ ಸಾಮಾನ ತರ್ರಿ.”

ನನ್ನ ಕಣ್ಣಲ್ಲಿ ನೀರು ಬಂತು. ಅವಳ ಕಾಲು ಮುಟ್ಟಬೇಕು ಅನ್ನಿಸಿತ್ತು. ಮುಟ್ಟಲಿಲ್ಲ, ಪುಣ್ಯ.

ನನ್ನ ಹೆಂಡತಿ ದೇವಕಮ್ಮನಿಗೆ ಇಲ್ಲಿ ಯಾರ ಗುರುತೂ ಇರಲಿಲ್ಲ. ಕೊಂಕಲ್‌ನಲ್ಲಿ ಅವಳಿಗೆ ಓಣಿ ತುಂಬ ಅಕ್ಕ-ತಂಗಿಯರು, ನಾದಿನಿಯರು, ಬಾಯಿಗೆ ಬಿಡುವಿರಲಿಲ್ಲ. ಇಲ್ಲಿ ಬಂದ ಮೊದಲ ಹದಿನೈದು ದಿನ ತವರಿನಿಂದ ತಂದ ಕೆಂಚಿಯ ಜೊತೆ ಒಬ್ಬಳೇ ಮಾತಾಡುತ್ತ ಕೂತಿದ್ದಳು. ಆಮೇಲೆ ಮಲ್ಲಾಬಾಯಿ ಕರೆದಳು. ದಿನಾ ಮಧ್ಯಾಹ್ನ ಮುದುಕಿ ಹೊಸ್ತಿಲೊಳಗೆ, ಇವಳು ಹೊರಗೆ ಕಟ್ಟೆಯ ಮೂಲೆಯಲ್ಲಿ ಕಂಬಕ್ಕೆ ಒರಗಿ, ಬೇಳೆ ಹಸನು ಮಾಡುತ್ತ ಮಾತು. ತಿಂಗಳೊಪ್ಪತ್ತಿನಲ್ಲಿ ಇವಳ ಬಾಯಲ್ಲಿ ಎರಡು ಮಾತಿಗೊಂದು ‘ಆಯಿ’. ಆಯಿ ಹಾಗಂದಳು, ಆಯಿ ಹೀಗಂದಳು, ಆಯಿ ಎಷ್ಟು ಸ್ವಚ್ಛ, ಆಯಿಯ ಕಟ್ಟೆಯ ಮೇಲೆ ಬಿದ್ದದ್ದನ್ನು ಎತ್ತಿ ಉಣ್ಣಬಹುದು. ನನ್ನ ಹೆಂಡತಿ ಮತ್ತೆ ನಗತೊಡಗಿದಳು. ನನಗೆ ಅಷ್ಟೇ ಬೇಕಾಗಿತ್ತು.

ನಾಯಿಗೆ ಹತ್ತಿದ್ದು ಆಗಲೇ.

ಕಾಲುವೆಗೆ ಹೋಗದಂತೆ ಕೆಂಚಿಯನ್ನು ತಡೆದೆವು. ಬೇವಿನ ಎಲೆ ಕುದಿಸಿದ ನೀರು ಹಾಕಿದೆವು. ಹೊಂಗೆ ಎಣ್ಣೆ ಹಚ್ಚಿದೆವು, ಕೊಬ್ಬರಿ ಎಣ್ಣೆಯಲ್ಲಿ ಗಂಧಕ ಕಲಸಿ ಹಚ್ಚಿದೆವು. ಮಲಗುವ ಗೋಣಿಚೀಲ ಸುಟ್ಟು ಹೊಸದು ಹಾಸಿದೆವು. ನಾಕು ದಿನ ಇಳಿದಂತಾಗಿ ಮತ್ತೆ ಕೆಂಪು. ರಾತ್ರಿಯೆಲ್ಲ ನೆಕ್ಕುತ್ತಿತ್ತು. ಮಲ್ಲಾಬಾಯಿಯೂ ಮರುಗಿದಳು. ‘ಮಾಂಸದ ಉಷ್ಣ ಯವ್ವ, ಎಲುಬು ಹಾಕೋದು ಬಿಡು’ ಅಂದಳು. ನಾಯಿಗೊಂದೇ ಬಿಡಿಸಿದರೆ ಅದರ ಮುಂದೆ ನಾವು ಹೇಗೆ ಉಣ್ಣುವುದು ಎಂದು ದೇವಕಮ್ಮ ನಮಗೂ ಬಿಡಿಸಿದಳು. ಎರಡು ತಿಂಗಳು ನಮ್ಮ ಮನೆಯಲ್ಲಿ ಭಾನುವಾರವೂ ಬೇಳೆ. ಮುದುಕಿಗೆ ಬಹಳ ಸಂತೋಷವಾಯಿತಂತೆ.

ಕೊನೆಗೆ ಮಕ್ತುಮಸಾಬನ ಹತ್ತಿರ ಹೋದೆ. ದನದ ದವಾಖಾನೆಯಲ್ಲಿ ಮೂವತ್ತು ವರ್ಷ ಕಂಪೌಂಡರ್ ಆಗಿದ್ದು ನಿವೃತ್ತನಾದವನು. ಬಸ್‌ಸ್ಟ್ಯಾಂಡಿನ ಹಿಂದೆ ಅವನ ಮನೆ. ನಾಯಿಯನ್ನು ಅಂಗಾತ ಕೆಡವಿ ಬಹಳ ಹೊತ್ತು ನೋಡಿದ.

“ಹುಳದ ತುರಿ ಅಲ್ರಿ ಇದು. ಹುಳ ಇದ್ರ ಕಿವಿ ಅಂಚಿಗಿ ಬರ್ತದ, ಬೆನ್ನಿಗಿ ಬರ್ತದ. ಇದರ ಬೆನ್ನು ನೋಡ್ರಿ, ರೇಷ್ಮಿ ಇದ್ದಂಗ ಅದ. ಹೊಟ್ಟಿ, ತೊಡಿ ಒಳಗ, ಮಣಕೈ, ಗದ್ದ. ಮಲಗಿದಾಗ ನೆಲಕ್ಕ ಹತ್ತೋ ಜಾಗಾ ಅಷ್ಟೇ. ಬಾಯಿಗಿ ಏನ್ ಹಾಕ್ತೀರಿ ಅಂತ ನೋಡಬ್ಯಾಡ್ರಿ ಸರ, ಎಲ್ಲಿ ಮಲಗ್ತದ ನೋಡ್ರಿ. ದಿನಾ ಬರದಿಡ್ರಿ.”

ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ನಾನು ಹಗಲು ಶಾಲೆಯಲ್ಲಿ, ದೇವಕಮ್ಮ ಹೇಳಿದ್ದನ್ನು ಸಂಜೆ ಬರೆಯುವುದು. ಮುಂಜಾನೆ ಗೋಣಿಚೀಲದ ಮೇಲೆ, ಆಮೇಲೆ ಬೇವಿನ ಗಿಡದ ಕೆಳಗೆ, ಸಂಜೆ ಆಯಿಯ ಕಟ್ಟೆಯ ಮೇಲೆ. ಗೋಣಿಚೀಲದ ಮೇಲೆ ಸಂಶಯ ಬಂತು, ಬೇವಿನ ಗಿಡದ ಇರುವೆಗಳ ಮೇಲೆ ಸಂಶಯ ಬಂತು. ಕಟ್ಟೆಯ ಮೇಲೆ ಬರಲಿಲ್ಲ. ಅದಕ್ಕಿಂತ ಸ್ವಚ್ಛವಾದ ಜಾಗ ಓಣಿಯಲ್ಲೇ ಇರಲಿಲ್ಲ.

ಈ ನಡುವೆ ದೇವಕಮ್ಮ ತಂಗಿಯ ಬಾಣಂತನಕ್ಕೆಂದು ಹನ್ನೆರಡು ದಿನ ಕೊಂಕಲ್‌ಗೆ ಹೋದಳು. ನಾಯಿ ನನ್ನ ಹತ್ತಿರ ಉಳಿಯಿತು. ಅವಳು ಹೋದ ಐದನೆಯ ದಿನಕ್ಕೆ ಒಸರುವುದು ನಿಂತಿತು. ಹತ್ತನೆಯ ದಿನಕ್ಕೆ ಹೊಟ್ಟೆಯ ಮೇಲೆ ಸಣ್ಣ ಕೂದಲು ಬಂದವು. ಅವಳು ತಿರುಗಿ ಬಂದಳು, ಮೂರನೆಯ ದಿನಕ್ಕೆ ಮತ್ತೆ ಕೆಂಪು.

ನಾನು ವಿಜ್ಞಾನದ ಮಾಸ್ತರನಲ್ಲವೇ, ತಕ್ಷಣ ಸಿದ್ಧಾಂತ ಕಟ್ಟಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುವ ಹಾಗೆ ಹೆಂಡತಿಯ ಮೇಲೆ ಬಿದ್ದೆ. ‘ನಿನ್ನ ಕೈಯಾಗೇ ಏನೋ ಅದ’ ಅಂದೆ. ಸಾಬೂನು ಬದಲಿಸಿದಳು. ಬಟ್ಟೆಯ ಪುಡಿ ಬಿಟ್ಟಳು. ತಲೆಗೆ ಹಚ್ಚುವ ಎಣ್ಣೆ ಬಿಟ್ಟಳು. ಕೈಯನ್ನು ಬರೀ ಬಿಸಿನೀರಲ್ಲಿ ತಿಕ್ಕಿ ತಿಕ್ಕಿ ತೊಳೆದಳು. ಕೆಂಪು ಹೋಗಲಿಲ್ಲ. ಒಂದು ದಿನ ಸಿಟ್ಟಿನಲ್ಲಿ ಹೇಳಿದೆ.

“ನೀ ನಾಯಿನ ಮುಟ್ಟಬ್ಯಾಡ.”

ಮುಟ್ಟಬ್ಯಾಡ. ನನ್ನ ಅಜ್ಜ ಜೀವನವೆಲ್ಲ ಕೇಳಿದ ಮಾತು. ಅದನ್ನು ನಾನು ನನ್ನ ಹೆಂಡತಿಗೆ, ನನ್ನ ಮನೆಯೊಳಗೆ, ಬುದ್ಧನ ಫೋಟೋದ ಕೆಳಗೆ ನಿಂತು ಹೇಳಿದೆ. ಆ ಹೊತ್ತಿಗೆ ಅದು ಹೊಳೆಯಲೂ ಇಲ್ಲ. ಅವಳು ಅಂದಿನಿಂದ ಕೆಂಚಿಯ ರೊಟ್ಟಿಯನ್ನು ದೂರದಿಂದ ಹಾಕತೊಡಗಿದಳು. ಅದು ಬಾಲ ಅಲ್ಲಾಡಿಸುತ್ತ ಹತ್ತಿರ ಬಂದರೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಿದ್ದಳು.

ಒಂದು ಮಂಗಳವಾರ ಯಾರೋ ದೊಡ್ಡವರು ತೀರಿಕೊಂಡರೆಂದು ಶಾಲೆಗೆ ಮಧ್ಯಾಹ್ನವೇ ರಜೆ ಕೊಟ್ಟರು. ದಾರಿಯಲ್ಲಿ ಒಂದಿಬ್ಬರ ಜೊತೆ ಮಾತಾಡಿ ಅಂಗಳಕ್ಕೆ ಬರುವ ಹೊತ್ತಿಗೆ ನಾಲ್ಕು ಗಂಟೆ. ದೇವಕಮ್ಮ ಆಗಷ್ಟೇ ಕಟ್ಟೆಯಿಂದ ಎದ್ದು ಒಳಗೆ ಹೋಗಿ ಒಲೆ ಹಚ್ಚುತ್ತಿದ್ದಳು. ಮಲ್ಲಾಬಾಯಿ ಕೈಯಲ್ಲಿ ಫಿನೈಲಿನ ಡಬ್ಬಿ ಹಿಡಿದು ಹೊಸ್ತಿಲು ದಾಟಿ ಬಂದಳು. ಕಟ್ಟೆಗೆ ಒಟ್ಟು ಎಂಟೊಂಬತ್ತು ಪರ್ಸಿ ಹಾಸುಗಲ್ಲುಗಳಿದ್ದವು. ಅವಳು ಉಳಿದವನ್ನು ನೋಡಲಿಲ್ಲ. ಕಂಬದ ಹತ್ತಿರದ ಒಂದೇ ಕಲ್ಲಿನ ಮೇಲೆ ಕರಿ ಫಿನೈಲು ಸುರಿದಳು, ನೀರು ಬೆರೆಸದೆ. ಕಸಬರಿಗೆಯಿಂದ ತಿಕ್ಕಿದಳು. ಮೇಲೆ ಒಂದು ತಂಬಿಗೆ ನೀರು ಹಾಕಿ ಒಳಗೆ ಹೋಗಲು ತಿರುಗಿದಳು. ಬಿಸಿಲಿಗೆ ಬೆಂದಿದ್ದ ಕೆಂಚಿ ಓಡಿ ಬಂದು, ದೇವಕಮ್ಮ ಕೂತಿದ್ದ ಜಾಗವನ್ನು ಮೂಸಿ, ತಣ್ಣಗಿದ್ದ ಆ ಹಸಿ ಕಲ್ಲಿನ ಮೇಲೆ ಹೊಟ್ಟೆ ಊರಿ ಮಲಗಿತು.

ನನಗೆ ಎಲ್ಲಾ ಒಮ್ಮೆಗೇ ತಿಳಿಯಿತು. ತಿಳಿದರೂ ಕೇಳಿದೆ, ಬೇರೆ ಏನಾದರೂ ಉತ್ತರ ಸಿಕ್ಕೀತೆಂಬ ಆಸೆ.

“ದಿನಾ ಹಿಂಗ ತೊಳೀತೀರೇನ್ರಿ ಆಯಿ?”

“ದಿನಾ ಯಾಕ್ರಿ? ದೇವಕಮ್ಮ ಬಂದು ಕುಂತ ದಿನ ಅಷ್ಟೇ.” ಬಚ್ಚಿಡುವ ಯಾವ ಪ್ರಯತ್ನವೂ ಆ ದನಿಯಲ್ಲಿ ಇರಲಿಲ್ಲ. ನನ್ನ ಮುಖ ನೋಡಿದ ಮೇಲೆ ಸ್ವಲ್ಪ ಮೆತ್ತಗಾದಳು. “ಒಳಗ ದೇವರು ಅದಾನ್ರಿ, ನಾಕ ಮಂದಿ ನಮ್ಮವರು ಬರ್ತಾರ. ನಾ ಆಕಿಗಿ ಕುಂದರಬ್ಯಾಡ ಅಂದೀನೇನು? ಎಂದರ ಒಂದ ಮಾತ ಆಡೀನೇನು? ಆಕಿ ಮನಸಿಗಿ ಹತ್ತಬಾರದಂತ ಆಕಿ ಹೋದಮ್ಯಾಲೇ ತೊಳೀತೀನಿ.”

“ನಾಯಿ ಹೊಟ್ಟಿ ಸುಟ್ಟದ್ದು ಇದರಿಂದ್ರಿ,” ಅಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ. ಅಷ್ಟು ಹೊತ್ತು ಎದೆಯಲ್ಲಿ ಕುದ್ದದ್ದೆಲ್ಲ ಕೊನೆಗೆ ನಾಯಿಯ ಹೊಟ್ಟೆಯ ಮಾತಾಗಿ ಹೊರಬಂತು.

ಮಲ್ಲಾಬಾಯಿ ಬಾಯಿಗೆ ಸೆರಗು ಹಿಡಿದಳು. ನಿಜವಾಗಿಯೂ ನೊಂದಳು. “ಅಯ್ಯ ಶಿವನ! ಪಾಪ, ಮೂಕ ಪ್ರಾಣಿ. ನನಗೇನ್ ಗೊತ್ತ್ರಿ ಅದು ಅಲ್ಲೇ ಬಂದು ಬೀಳ್ತದಂತ. ನಾಳಿಂದ ಎರಡ ಕೊಡ ನೀರ ಹಾಕ್ತೀನಿ.”

“ಆಯ್ತ್ರಿ,” ಅಂದೆ.

ಆಯ್ತ್ರಿ! ಮನೆ ಖಾಲಿ ಮಾಡಿ ಮತ್ತೆ ‘ಯಾರ ಪೈಕಿ’ ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ದೇವಕಮ್ಮನಿಗೆ ಹೇಳಿದರೆ ಅವಳ ಇದ್ದೊಬ್ಬ ಆಯಿ ಹೋಗುತ್ತಾಳೆ. ಹೇಳದಿದ್ದರೆ ತನ್ನ ಕೈಯೇ ಕೆಟ್ಟದ್ದು ಎಂದು ನಂಬಿಕೊಂಡೇ ಇರುತ್ತಾಳೆ. ಬಾಯಲ್ಲಿ ಬಿಸಿತುಪ್ಪ. ನಾನು ಹಗ್ಗ ಹುಡುಕಿ ಕೆಂಚಿಯನ್ನು ನಮ್ಮ ಬಾಗಿಲ ಪಕ್ಕದ ಗೂಟಕ್ಕೆ ಕಟ್ಟಿದೆ. ಕಾಲುವೆ ಕಡೆ ಹೋಗುತ್ತದೆ, ಅದಕ್ಕೆ, ಎಂದು ಹೆಂಡತಿಗೆ ಹೇಳಿದೆ. ನೋಡಿದಿರಾ, ಕಾಲುವೆ ಮತ್ತೆ ಕೈಹಿಡಿಯಿತು.

ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಬಂದೆ. ದೇವಕಮ್ಮ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಕಟ್ಟೆಗೆ ಹೊರಟಿದ್ದಳು. ಮುಖ ಅರಳಿತ್ತು.

“ನೋಡ್ರಿ, ಕೆಂಪು ಇಳದದ. ನೀರು ಒಣಗ್ಯಾವ. ನೀವು ಅಂದಿದ್ದೇ ಖರೇ, ನಾ ಮುಟ್ಟಲಾರದ್ದಕ್ಕೇ ಆರಾಮಾತು.” ಕೈಗಳನ್ನು ಸೀರೆಗೆ ಒರೆಸಿಕೊಂಡಳು. “ಇನ್ನ ಯಾವತ್ತೂ ಮುಟ್ಟಂಗಿಲ್ಲ ಬಿಡ್ರಿ. ಆಯಿಗಿ ಹೇಳಿ ಬರ್ತೀನಿ, ಆಕಿಗೂ ಬಾಳ ಚಿಂತಿ ಇತ್ತು.”

ಇನ್ನು ತಡೆಯಲಾಗಲಿಲ್ಲ. ಕೂರಿಸಿ ಎಲ್ಲ ಹೇಳಿದೆ. ಒಂದೇ ಕಲ್ಲು, ಕರಿ ಫಿನೈಲು, ‘ಆಕಿ ಬಂದು ಕುಂತ ದಿನ ಅಷ್ಟೇ.’ ಎರಡು ಕೊಡ ನೀರಿನ ಮಾತನ್ನೂ ಬಿಡಲಿಲ್ಲ. ಅಳುತ್ತಾಳೆ ಅಂದುಕೊಂಡಿದ್ದೆ, ಇಲ್ಲವೇ ಎದ್ದು ಹೋಗಿ ಮುದುಕಿಯ ಜೊತೆ ಜಗಳಕ್ಕೆ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಅವಳು ಮೊರದ ಬೇಳೆಯಲ್ಲಿ ಬೆರಳಾಡಿಸಿದಳು. ಮಲ್ಲಾಬಾಯಿಯ ಸುದ್ದಿಯನ್ನೇ ಎತ್ತಲಿಲ್ಲ.

“ಯಾವತ್ತ ನೋಡೀರಿ ಇದು?”

“ಮಂಗಳಾರ.”

“ಮಂಗಳಾರ ನಾಯಿನ ಕಟ್ಟಿ ಹಾಕೀರಿ,” ಅಂದಳು. ದನಿ ಏರಲಿಲ್ಲ. “ನಾ ಬುದುವಾರ ಹೋಗಿ ಕುಂತು ಬಂದೆ. ಬೇಸ್ತವಾರ ಕುಂತು ಬಂದೆ. ನಿನ್ನಿ ನೀವು ಊಟಕ್ಕ ಬಂದಿದ್ರಿ, ನಾ ಹೊಂಟಾಗ ಮೊರಾ ನೀವೇ ಎತ್ತಿ ಕೈಯಾಗ ಕೊಟ್ರಿ.”