ಕರೆ ತಲುಪದ ಹನ್ನೊಂದನೆಯವರು

ನಮ್ಮ ಕಂಬಳಿ ಶೆಡ್ಡಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರುವವಳು ನಾನು, ಆದರೆ ಮಾತು ನಡೆಯುವುದು ಹುಚ್ಚಕ್ಕನದು. ಅವಳು ನನ್ನ ಅವ್ವ ಗೀತಮ್ಮನಿಗೆ ಸೋದರತ್ತೆ, ನನಗೆ ಅಜ್ಜಿ. ತವರು ಆಂಧ್ರದ ಗಡಿಯಂಚಿನ ದೇವಸಮುದ್ರ. ಚಳ್ಳಕೆರೆಗೆ ಬಂದು ಒಂದು ಜನ್ಮ ಕಳೆದರೂ ಸಿಟ್ಟಿಗೂ ಮುದ್ದಿಗೂ ತೆಲುಗೇ ಬೇಕು. ಕಂಬಳಿ ನೇಯುವ ನಮ್ಮ ಹೆಂಗಸರ ಸಂಘಕ್ಕೆ ಅವಳೇ ಯಜಮಾನಿ.

ಈ ವರ್ಷ ನಮ್ಮ ಕಂಬಳಿ ಕೊಳ್ಳುತ್ತಿದ್ದ ವ್ಯಾಪಾರಿ ಕೈ ಎತ್ತಿಬಿಟ್ಟ. ಮಿಲ್ಲಿನ ರಗ್ಗು ಅಗ್ಗ ಎಂದ. ದೀಪಾವಳಿಯೊಳಗೆ ಬೇರೆ ಗಿರಾಕಿ ಸಿಗದಿದ್ದರೆ ಮಗ್ಗ ಬಿಚ್ಚಿ ಶೆಡ್ ಬಿಟ್ಟುಕೊಡುವುದೆಂದು ಸಂಘದಲ್ಲಿ ತೀರ್ಮಾನವಾಯಿತು. ಅವ್ವ ಅವತ್ತಿನಿಂದ ಮಾತು ಕಮ್ಮಿ ಮಾಡಿದಳು. ಬೇರೆ ಕೆಲಸ ಬರುವುದಿಲ್ಲ ಅಂತಲ್ಲ, ಅವಳಿಗೆ ಬೇರೆ ಕೆಲಸ ಬೇಡ. ಅದನ್ನು ನೋಡಲಾರದೆ ನಾನು ಹೋಟೆಲ್ ಕಂಪನಿಗಳಿಗೆಲ್ಲ ಇಮೇಲ್ ಹಾಕಿದೆ. ವೆಬ್‌ಸೈಟಿನಲ್ಲಿರುವ ಆ ವಿಳಾಸಗಳು ದೇವಸ್ಥಾನದ ಹುಂಡಿಯಿದ್ದಂತೆ. ಹಾಕಬಹುದು, ಯಾರು ತೆಗೆಯುತ್ತಾರೆಂದು ತಿಳಿಯುವುದಿಲ್ಲ.

ಆಗ ಒಂದು ಸಾಫ್ಟ್‌ವೇರ್ ಸಿಕ್ಕಿತು. ಕಂಪನಿಯ ಹೆಸರು ಹೊಡೆದು ಹುದ್ದೆ ಹೇಳಿದರೆ, ಆ ಕುರ್ಚಿಯಲ್ಲಿ ಯಾರು ಕೂತಿದ್ದಾರೆ, ಅವರ ಇಮೇಲ್ ಏನು, ಎರಡನ್ನೂ ಕೊಡುತ್ತದೆ. ತಿಂಗಳಿಗೆ ಹತ್ತು ಹೆಸರು ಪುಕ್ಕಟೆ. ಹತ್ತು ಕಂಪನಿ, ಒಂದೊಂದರಲ್ಲೂ ಖರೀದಿ ನೋಡುವ ಮುಖ್ಯಸ್ಥರು ಒಬ್ಬೊಬ್ಬರು ಎಂದು ಲೆಕ್ಕ ಹಾಕಿದೆ. ಬೆಂಗಳೂರಿನ ಒಂದು ಕಂಪನಿಯಿಂದ ಶುರು ಮಾಡಿ ಅವ್ವನಿಗೆ ತೋರಿಸಿ, ಉಳಿದದ್ದನ್ನು ಮಾಡಲು ಹೇಳಿ, ಉಣ್ಣೆ ತರಲು ದೇವಸಮುದ್ರದ ಬಸ್ ಹತ್ತಿದೆ.

ಸಂಜೆ ಬಂದು ನೋಡಿದರೆ ಹತ್ತು ಹೆಸರೂ ಖರ್ಚಾಗಿದ್ದವು. ಹತ್ತೂ ಅದೇ ಒಂದು ಕಂಪನಿಯವು. ಅಕೌಂಟ್ಸಿನವರನ್ನೂ ಬಿಟ್ಟಿರಲಿಲ್ಲ.

“ಇದೇನವ್ವ ಮಾಡಿದ್ದು?”

ಅವ್ವ ಹುಚ್ಚಕ್ಕನ ಮುಖ ನೋಡಿದಳು.

“ನಾನೇ ಹೇಳ್ದೆ,” ಎಂದಳು ಹುಚ್ಚಕ್ಕ, ಉಣ್ಣೆ ಹಿಂಜುತ್ತ. “ಯಜಮಾನಂಗೊಬ್ಬಂಗೆ ಹೇಳಿ ಬಂದ್ರೆ ಆ ಮನೇರು ಲಗ್ನಕ್ಕೆ ಬರ್ತಾರೇನೆ ಪಿಲ್ಲಾ? ಅತ್ತೆಗೆ ಕುಂಕುಮ ಹಚ್ಚಿ ನನಗೆ ಹಚ್ಲಿಲ್ಲ ಅಂತ ಸೊಸೆ ಮಕ ಊದಿಸ್ಕೊಂತಾಳೆ. ಕರೆದ್ರೆ ಮನೆಮಂದಿನೆಲ್ಲ ಕರೀಬೇಕು.”

“ಅದು ಕಂಪನಿ ಕಣಜ್ಜಿ, ಮನೆಯಲ್ಲ.”

“ಅಲ್ಲಿರೋರೂ ಮನುಷ್ಯರೇ ತಾನೆ?”

ಫೋನಿಗೆ ಬಾಯಲ್ಲಿ ಹೇಳಿ, ಅವ್ವನ ಕೈಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಇಮೇಲ್ ಕಳಿಸಿದ್ದಳು. ಒಬ್ಬನಿಗೆ ಹೋದದ್ದು ಹೀಗಿತ್ತು: “ತಮ್ಮಾ ಅಮರೇಶ, ನಿಮ್ಮ ದೊಡ್ಡೋರಿಗೂ ಹೇಳಿದೀವಿ, ನಿನಗೂ ಹೇಳ್ತಿದೀವಿ. ಚಳ್ಳಕೆರೆಗೆ ಬಂದು ನಮ್ಮ ಕಂಬಳಿ ಮುಟ್ಟಿ ನೋಡ್ರಿ. ಬಂದೋರಿಗೆ ಊಟ ಐತೆ.” ಕೆಳಗೆ ಶೆಡ್ಡಿನ ಫೋಟೋ, ನನ್ನ ಫೋನ್ ನಂಬರು.

ನನಗೆ ಮೈಯೆಲ್ಲ ಉರಿದುಹೋಯಿತು. ಮುಂದಿನ ಹತ್ತು ಹೆಸರು ಸಿಗುವಷ್ಟರಲ್ಲಿ ದೀಪಾವಳಿ ಕಳೆದಿರುತ್ತದೆ. ಹುಚ್ಚಕ್ಕನ ಜೊತೆ ಮಾತು ಬಿಟ್ಟೆ. ಅವಳು ಮಾತ್ರ ಎಂದಿನಂತೆ ಬಿಸಿ ರೊಟ್ಟಿಯನ್ನು ಮೊದಲು ನನ್ನ ತಟ್ಟೆಗೇ ಹಾಕುತ್ತಿದ್ದಳು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಹತ್ತರಲ್ಲಿ ಒಂದು ಇಮೇಲ್ ವಾಪಸ್ ಬಂತು, ಅದೂ ಖರೀದಿ ಮುಖ್ಯಸ್ಥರದೇ. ಅವರು ಆ ಕೆಲಸ ಬಿಟ್ಟು ಹೋಗಿದ್ದರು, ಸಾಫ್ಟ್‌ವೇರಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ನನ್ನ ಲೆಕ್ಕದಂತೆ ಹೋಗಿದ್ದರೂ ಈ ಕಂಪನಿ ಅಲ್ಲಿಗೇ ಮುಗಿಯುತ್ತಿತ್ತು. ಅದನ್ನು ಹುಚ್ಚಕ್ಕನಿಗೆ ಹೇಳುವ ಮನಸ್ಸಾಗಲಿಲ್ಲ.

ಆಮೇಲೊಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

“ನಾನು ಗಂಗಾಂಬಿಕಾ ಅಂತ,” ಎಂದಿತು ಒಂದು ಹೆಣ್ಣುದನಿ. ಅದೇ ಹೋಟೆಲ್ ಕಂಪನಿಯ ಹೆಸರು ಹೇಳಿತು. “ನಮ್ಮ ಆಫೀಸಲ್ಲಿ ಎಲ್ಲರಿಗೂ ನಿಮ್ಮ ಕರೆ ಬಂದಿದೆ. ಊಟಕ್ಕೆ ಕೂತಾಗ ಒಬ್ಬೊಬ್ಬರೂ ಅವರವರದನ್ನ ಓದಿ ಹೇಳ್ತಿದಾರೆ. ನನಗೊಬ್ಬಳಿಗೇ ಬಂದಿಲ್ಲ. ನಾನೇನು ತಪ್ಪು ಮಾಡಿದ್ದೆ?” ನಗುತ್ತಲೇ ಕೇಳಿದರು, ಆದರೆ ಪೂರ್ತಿ ನಗೆಯೂ ಅಲ್ಲ. “ಈಗ ಇಲ್ಲಿ ಖರೀದಿ ನೋಡೋಳು ನಾನೇ.”

ಫೋನ್ ಸ್ಪೀಕರಿನಲ್ಲಿತ್ತು. ಹುಚ್ಚಕ್ಕ ಫೋನ್ ಕಿತ್ತುಕೊಂಡಳು.

“ತಪ್ಪಾತವ್ವ, ಹೊಟ್ಟೇಗೆ ಹಾಕ್ಕೊಳ್ರಿ. ಆ ಮಿಷಿನ್ನು ಹತ್ತಕ್ಕೇ ನಿಂತುಬಿಡ್ತು. ನಿಮ್ಮನ್ನ ಬಿಟ್ಟು ಊಟ ಹಾಕ್ತೀವೇನು? ಈಗ ಕರೀತಿದೀನಿ, ಎಲ್ಲಾರ್ನೂ ಕರ್ಕೊಂಡು ಬರ್ರಿ.”

ಶನಿವಾರ ಗಂಗಾಂಬಿಕಾ ಬಂದರು, ಜೊತೆಗೆ ಅಮರೇಶ್ ಮತ್ತು ಇನ್ನಿಬ್ಬರು. ಹುಚ್ಚಕ್ಕ ಮೊದಲ ಕುಂಕುಮ ಗಂಗಾಂಬಿಕಾ ಅವರಿಗೇ ಇಟ್ಟಳು. ಕಂಬಳಿ ಮುಟ್ಟಿ, ಇಷ್ಟೊಂದು ಬಿರುಸು ಯಾಕೆ ಎಂದು ಅವರು ಕೇಳಿದರು. ಮೂಲೆಯ ಮಗ್ಗದಿಂದ ಅವ್ವ ತಾನಾಗಿಯೇ ಬಾಯಿಬಿಟ್ಟಳು: “ಹುಣಸೆಬೀಜದ ಗಂಜಿ ಕುಡಿಸಿರ್ತೀವ್ರಿ. ನೆಲಕ್ಕೆ ಹಾಸಿದ್ರೆ ಮುದುಡಲ್ಲ.”

ಕೋಣೆಯ ನೆಲಕ್ಕೆ ಹಾಸಲು ಅವರಿಗೆ ಬೇಕಿದ್ದದ್ದೂ ಅಂಥದ್ದೇ. ಹೋಳಿಗೆ ಉಂಡು, ಹೊರಡುವ ಮೊದಲು ಒಂದು ಹೋಟೆಲಿನ ಅಷ್ಟೂ ಕೋಣೆಗಳಿಗೆ ಆರ್ಡರ್ ಬರೆದುಕೊಟ್ಟರು. ಯುಗಾದಿಯ ತನಕ ಮಗ್ಗ ನಿಲ್ಲುವಂತಿಲ್ಲ. ನಾನು ಅತ್ತುಬಿಟ್ಟೆ.

ಹೊಸ ತಿಂಗಳು ಮತ್ತೆ ಹತ್ತು ಹೆಸರು ಸಿಕ್ಕವು. ಈ ಸಲ ಲ್ಯಾಪ್‌ಟಾಪನ್ನು ಹುಚ್ಚಕ್ಕನ ಮುಂದೆಯೇ ಇಟ್ಟೆ.

“ಹೇಳಜ್ಜಿ, ಹೆಂಗೆ ಮಾಡಾಣ?”

“ಒಂದೇ ಮನೆ ಹಿಡಿ. ಒಂಬತ್ತು ಮಂದೀಗೆ ಹೇಳು,” ಎಂದು ಹುಚ್ಚಕ್ಕ ಉಣ್ಣೆ ಕೊಡವಿದಳು. “ಒಬ್ರನ್ನ ಬೇಕಂತ್ಲೇ ಬಿಡು.”

ಮಗ್ಗದ ಗುಂಡಿಯಲ್ಲಿ ಕೂತಿದ್ದ ಅವ್ವ ಲಾಳಿ ಕೈಬಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು.