ಇಡೀ ಪುಸ್ತಕ

"ನನಗ ಫಕ್ತ ಚಿತ್ರ ಬೇಕ್ರಿ. ಉಳಿದದ್ದು ನೀವೇ ಇಟ್ಕೋರಿ," ಎಂದು ಬಾಳಾಸಾಹೇಬರು ಪುಸ್ತಕವನ್ನು ನಾಹಿದಳ ಕಡೆಗೆ ತಿರುಗಿಸಿಟ್ಟರು.

ಮಹಾರಾಷ್ಟ್ರದ ಗಡಿಯೂರು ಜತ್ತದಲ್ಲಿ, ಮದುವೆಗಳು ನಡೆಯುವ ಮಂಗಲ ಕಾರ್ಯಾಲಯದಲ್ಲಿ ಹಳೆಯ, ಅಪರೂಪದ ಪುಸ್ತಕಗಳ ಮೇಳ ನಡೆದಿತ್ತು. ಪುಣೆ, ಸೊಲ್ಲಾಪುರದ ವ್ಯಾಪಾರಿಗಳ ಸಾಲಿನಲ್ಲಿ ನಾಹಿದ ಮತ್ತು ಅವಳ ಗಂಡ ಅಸ್ಲಮ್ ಕೂಡ ಒಂದು ಟೇಬಲ್ಲು ಹಿಡಿದಿದ್ದರು. ಊರಲ್ಲಿ ಅವರದು ರದ್ದಿ ಅಂಗಡಿ. ತೂಕಕ್ಕೆ ಬಂದ ರಾಶಿಯಿಂದ ನಾಹಿದ ಆರಿಸಿ, ಧೂಳು ಕೊಡವಿ, ಹರಿದಲ್ಲಿ ತೆಳು ಕಾಗದ ಅಂಟಿಸಿ ಎತ್ತಿಟ್ಟ ಪುಸ್ತಕಗಳನ್ನೇ ಹರವಿದ್ದರು. "ಇವನ್ನ ಯಾರ್ ಕೊಳ್ತಾರ?" ಎಂದು ಅಸ್ಲಮ್ ವರ್ಷಗಟ್ಟಲೆ ಕೇಳಿದ್ದ. ಕೊಳ್ಳುವವರಿದ್ದಾರೆ ಎಂಬುದರಲ್ಲಿ ಅವಳಿಗೆ ಎಂದೂ ಅನುಮಾನವಿರಲಿಲ್ಲ. ಆದರೆ ಮಧ್ಯಾಹ್ನ ದಾಟಿದರೂ ಒಂದೂ ಹೋಗಿರಲಿಲ್ಲ.

ಬಾಳಾಸಾಹೇಬರು ಮೆಚ್ಚಿದ್ದು ದನಗಳ ರೋಗ ಮತ್ತು ಮದ್ದಿನ ಬಗ್ಗೆ ಕನ್ನಡದಲ್ಲಿದ್ದ ಕಲ್ಲಚ್ಚಿನ ಪುಸ್ತಕ. ನಡುನಡುವೆ ಕೈಯಿಂದ ಬಣ್ಣ ತುಂಬಿದ ಖಿಲಾರಿ ತಳಿಯ ಹೋರಿಗಳ ಚಿತ್ರಗಳು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಸಾಂಗಲಿಯ ಹೊಟೇಲುಗಳ ಗೋಡೆ ಅಲಂಕರಿಸುವುದು ಅವರ ಕೆಲಸ.

"ಚಿತ್ರದ ಬೆನ್ನಿಗೂ ಅಕ್ಷರ ಅದಾವ್ರಿ," ಎಂದಳು ನಾಹಿದ. "ಕಿತ್ತರ ಪುಸ್ತಕ ಜಡ್ಡು ಹೇಳ್ತದ, ಮದ್ದು ಹೇಳೂದಿಲ್ಲ. ಇಡೀ ಪುಸ್ತಕ ಒಯ್ಯೂದಾದ್ರ ಈಗಿಂದೀಗ ಕೊಡ್ತೀನಿ."

"ಆತು, ಇಡೀದೇ ಕೊಡ್ರಿ. ತಗೊಂಡ ಮ್ಯಾಲ ನಾ ಕತ್ತರಸ್ತೀನಿ, ಬಿಡ್ತೀನಿ," ಎಂದು ಅವರು ನಕ್ಕರು.

"ಹಂಗಾರ ಕೊಡೂದಿಲ್ರಿ."

ಅವಳ ದನಿ ಏರಲಿಲ್ಲ. ಪುಸ್ತಕ ಮುಚ್ಚಿ ತನ್ನ ಕಡೆ ಎಳೆದುಕೊಂಡಳು. ಬಾಳಾಸಾಹೇಬರು ಮುಂದಿನ ಟೇಬಲ್ಲಿಗೆ ನಡೆದರು.

"ದಿನಾ ಚೀಲಗಟ್ಟಲೆ ಪುಸ್ತಕ ಹರದು ಕಾಗದದ ಕಾರಖಾನಿಗೆ ಕಳಸ್ತೀವಿ. ಇದೊಂದಕ್ಕ ಇಷ್ಟ್ಯಾಕ ಹಟ?" ಎಂದ ಅಸ್ಲಮ್.

"ಅವೆಲ್ಲಾ ಹೋಗ್ತಾವಂತನ ಇದನ್ನ ಇಟ್ಟೀನ್ರಿ," ಎಂದಳು. ಅಸ್ಲಮ್ ಚಹಾದ ನೆಪ ಮಾಡಿ ಹೊರಗೆ ಹೋದ.

ಬಾಳಾಸಾಹೇಬರು ಬರುವ ಮೊದಲು ಅದೇ ಪುಸ್ತಕ ತಿರುವುತ್ತಿದ್ದ ಮುದುಕರೊಬ್ಬರು ಟೇಬಲ್ಲಿನ ತುದಿಯಲ್ಲಿ ಇನ್ನೂ ನಿಂತಿದ್ದರು. ಮುಚ್ಚಂಡಿಯ ರೇವಪ್ಪ, ಖಿಲಾರಿ ಸಾಕಿದವರು. "ಕೊಳ್ಳಾಕ ನನಗ ಆಗೂದಿಲ್ಲವ್ವಾ. ನಾಳಿ ಬಂದು ಇಲ್ಲೇ ನಿಂತು ಓದಿದ್ರ ನಡೀತದೇನು?" ಎಂದು ಕೇಳಿದರು.

"ನಾಳಿ ಯಾಕ್ರಿ ಕಾಕಾ? ಈಗ ಕುಂದ್ರಿ." ನಾಹಿದ ಗಂಡನ ಕುರ್ಚಿಯನ್ನು ಎಳೆದು ಕೊಟ್ಟಳು. "ನಮಗೂ ಕೇಳೂ ಹಂಗ ಓದ್ರಿ."

ರೇವಪ್ಪ ಕನ್ನಡಕ ಏರಿಸಿ ಓದತೊಡಗಿದರು. ಹೊಟ್ಟೆಯುಬ್ಬರಕ್ಕೆ ಓಮಕಾಳು, ಇಂಗು. ಟೇಬಲ್ಲುಗಳ ನಡುವೆ ಹೋಗುತ್ತಿದ್ದವರು ನಿಂತರು. ಒಬ್ಬ, "ನಮ್ಮಜ್ಜನೂ ಇದನ್ನ ಕುಡಿಸ್ತಿದ್ದ," ಎಂದ. ನಿಂತವರ ಕೈ ಸುಮ್ಮನಿರಲಿಲ್ಲ, ಉಳಿದ ಪುಸ್ತಕಗಳನ್ನೂ ತಿರುವಿದವು. ಯಳವಿಯ ಶಿಕ್ಷಕಿ ನಂದಾ ಹಳೆಯ ಭೂಗೋಳದ ಪುಸ್ತಕವೊಂದನ್ನು ಚೌಕಾಸಿ ಮಾಡದೆ ಕೊಂಡಳು. ಅವಳ ಹಿಂದೆಯೇ ಇನ್ನೊಬ್ಬರು ವ್ಯಾಕರಣ ಕೇಳಿದರು.

ಅಸ್ಲಮ್ ಚಹಾ ಹಿಡಿದು ಮರಳಿದಾಗ ಅವನಿಗೆ ಕುರ್ಚಿಯಿರಲಿಲ್ಲ. ಗುಂಪು ಸರಿಸಿಕೊಂಡು ಒಳಗೆ ಬಂದು, ಮಾರಿದ ಪುಸ್ತಕಗಳನ್ನು ಕಟ್ಟಿಕೊಡುತ್ತಿದ್ದ ನಾಹಿದಳ ಕೈಗಳನ್ನು ನೋಡಿದ. ತನಗೆಂದು ತಂದ ಲೋಟವನ್ನು ರೇವಪ್ಪನವರಿಗೆ ಕೊಟ್ಟ. ಅವರು ಕುಡಿಯುವಷ್ಟರಲ್ಲಿ ಫ್ಯಾನಿನ ಗಾಳಿಗೆ ಹಾಳೆಗಳು ಎದ್ದವು. ಅಸ್ಲಮ್ ಬಾಗಿ, ಓದುತ್ತಿದ್ದ ಪುಟ ತಪ್ಪದಂತೆ ಅಂಗೈ ಊರಿ ಹಿಡಿದುಕೊಂಡು ನಿಂತ.